ನುಡಿಯದೆ ಉಳಿದ ಬಟ್ಟಲು

ನನ್ನ ಬಾಲ್ಯವೆಂದರೆ ಮೊದಲು ನೆನಪಾಗುವುದು ಒಂದು ವಾಸನೆ. ನೆನೆದ ಬಿಳಿ ಮಣ್ಣಿನ ವಾಸನೆ, ಅದರೊಳಗೆ ಸೇರಿಕೊಂಡ, ಪಾತ್ರೆ ಸುಡುವ ಗೂಡಿನ ಹೊಗೆ, ಮಧ್ಯಾಹ್ನದ ಹೊತ್ತಿಗೆ ಯಾರೋ ಬಿಚ್ಚಿದ ಬುತ್ತಿಯ ಬೆಳ್ಳುಳ್ಳಿ ಚಟ್ನಿ. ಆಗ ನನಗೆ ಕಣ್ಣಿರಲಿಲ್ಲ, ಬಾಯಿ ಇನ್ನೂ ದುಂಡಗಾಗಿರಲಿಲ್ಲ. ವಾಸನೆ ಮಾತ್ರ ಗೊತ್ತಿತ್ತು. ಇಂದಿಗೂ ಮೊದಲ ಮಳೆ ಬಿದ್ದು ಕಿಟಕಿಯಾಚೆ ಮಣ್ಣು ನೆನೆದಾಗ ನಾನು ಒಂದು ಕ್ಷಣ ಮತ್ತೆ ಮೆತ್ತಗಾಗಿಬಿಡುತ್ತೇನೆ.

ನಾನು ಒಂದು ಪಿಂಗಾಣಿ ಬಟ್ಟಲು. ಹೊಟ್ಟೆ ಬಿಳುಪು, ಅಂಚಿಗೆ ಒಂದು ನೀಲಿ ಗೆರೆ. ಆ ಗೆರೆಯನ್ನು ಎಳೆದವಳು ಕಾರ್ಖಾನೆಯಲ್ಲಿ ಕೂಲಿಗಿದ್ದ ಒಬ್ಬ ಹೆಂಗಸು. ಅವಳ ಹೆಸರು ನನಗೆ ತಿಳಿಯದು. ತಿರುಗುವ ಹಲಗೆಯ ಮೇಲೆ ನನ್ನನ್ನಿಟ್ಟು, ಕುಂಚ ತಾಗಿಸುವ ಮೊದಲು ನನ್ನ ಮೇಲಿನ ಧೂಳನ್ನು ಬಾಯಿಂದ ಮೆಲ್ಲಗೆ ಊದಿದಳು, ಮಗುವಿನ ಕಣ್ಣಿಗೆ ಬಿದ್ದ ಕಸವನ್ನು ಊದುವ ಹಾಗೆ. ದಿನಕ್ಕೆ ನೂರಾರು ಬಟ್ಟಲು ಅವಳ ಕೈಯಲ್ಲಿ ಹಾದುಹೋಗುತ್ತಿದ್ದವು. ಪ್ರತಿಯೊಂದಕ್ಕೂ ಅವಳು ಹಾಗೇ ಊದುತ್ತಿದ್ದಳು.

ಬಳಿಕ ಬೆಂಕಿ. ಗೂಡಿನೊಳಗೆ ಏನಾಯಿತೆಂದು ಹೇಳಲಾರೆ, ಅದು ಕನಸಿನ ಹಾಗೆ ಕರಗಿಹೋಗಿದೆ. ಹೊರಗೆ ಬಂದಾಗ ಒಬ್ಬ ಮನುಷ್ಯ ನನ್ನನ್ನು ಬೆರಳ ತುದಿಯಲ್ಲಿ ಎತ್ತಿಕೊಂಡು, ಸಣ್ಣ ಕಡ್ಡಿಯಿಂದ ಅಂಚಿಗೆ ತಟ್ಟಿದ. ಬಿರುಕು ಬಿಟ್ಟ ಬಟ್ಟಲು ಟಕ್ ಎನ್ನುತ್ತದೆ, ಗಟ್ಟಿಯಾದದ್ದು ಹಾಡುತ್ತದೆ. ನಾನು ಹಾಡಿದೆ. ನನ್ನ ದನಿಯನ್ನು ನಾನು ಮೊದಲು ಕೇಳಿದ್ದು ಆಗಲೇ. ಅಷ್ಟು ತೆಳುವಾದ, ಅಷ್ಟು ದೂರ ಹೋಗುವ ಒಂದು ಎಳೆ ನನ್ನೊಳಗಿದೆ ಎಂದು ನನಗೇ ಗೊತ್ತಿರಲಿಲ್ಲ. ಆ ಮನುಷ್ಯ ತಲೆಯಾಡಿಸಿ ನನ್ನನ್ನು ಹುಲ್ಲು ಹಾಸಿದ ಪೆಟ್ಟಿಗೆಗೆ ಇಳಿಸಿದ.

ಗದಗಿನ ಪೇಟೆಯಲ್ಲಿ ನನ್ನನ್ನು ಕೊಂಡವಳು ದಾನವ್ವ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವಳದೊಂದು ಖಾನಾವಳಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಮೊಸರಿಗೆ ಹಿತ್ತಾಳೆಯೂ ಆಗದು, ತಾಮ್ರವೂ ಆಗದು, ಪಿಂಗಾಣಿಯೇ ಸರಿ ಎಂಬುದು ಅವಳ ಹಟ. ಹೀಗೆ ನಾನೂ ನನ್ನ ಒಡಹುಟ್ಟಿದವರೂ ಮೊಸರಿನ ಬಟ್ಟಲುಗಳಾದೆವು.

ಬಟ್ಟಲು ಲೋಕವನ್ನು ಕೆಳಗಿನಿಂದ ನೋಡುತ್ತದೆ. ನನಗೆ ಕಾಣುತ್ತಿದ್ದದ್ದು ಗದ್ದಗಳು, ಮೀಸೆಗಳು, ರೊಟ್ಟಿ ಮುರಿಯುವ ಬೆರಳುಗಳು. ಬೆರಳು ನೋಡಿಯೇ ನಾನು ಜನರನ್ನು ಗುರುತಿಸುತ್ತಿದ್ದೆ. ಮಸಿ ಹಿಡಿದ ಬೆರಳು ಅಚ್ಚುಕೂಟದವರದು. ನೂಲಿನ ಗೆರೆ ಬಿದ್ದದ್ದು ಬೆಟಗೇರಿಯ ನೇಕಾರರದು. ಟಿಕೀಟು ಹರಿದು ಹರಿದು ತುದಿ ನುಣುಪಾದ ಬೆರಳು ಬಸ್ ಕಂಡಕ್ಟರ್ ಫಕ್ಕೀರಪ್ಪನದು.

ಫಕ್ಕೀರಪ್ಪ ದಿನವೂ ಉಣ್ಣಲು ಬರುವವನು. ಬಾಯಿ ಸುಮ್ಮನಿರದು.

"ದಾನವ್ವಕ್ಕಾ, ಮೊಸರಿಗೆ ನೀರು ಹಾಕೀಯೋ, ನೀರಿಗೆ ಮೊಸರು ಹಾಕೀಯೋ?"

"ನಿನ್ನ ಬಸ್ಸಿನ್ಯಾಗ ಸೀಟಿಗಿಂತ ಮಂದಿ ಹೆಚ್ಚು ತುರಕತೀಯಲ್ಲ, ಹಂಗ ಅನಕೊಂಡೀ ಏನು? ಸುಮ್ಮ ಉಣ್ಣು!"

ದಾನವ್ವನಿಗೆ ಒಂದು ನೇಮವಿತ್ತು. ಸಾಲಿನಲ್ಲಿ ಉಣ್ಣಲು ಕೂತವರು ಯಾರೇ ಇರಲಿ, ಅಂಗಡಿಯ ಸಾಹುಕಾರನಿರಲಿ, ಹಮಾಲನಿರಲಿ, ಎಲ್ಲರ ಬಟ್ಟಲಿಗೂ ಮೊಸರು ಒಂದೇ ಮಟ್ಟಕ್ಕೆ ಇರಬೇಕು. ಬಡಿಸಿಕೊಂಡು ಹೋದವಳು ಸಾಲಿನ ಕೊನೆಯಿಂದ ತಿರುಗಿ ನೋಡುವಳು. ಎಲ್ಲಾದರೂ ಒಂದು ಬೆರಳು ತಗ್ಗು ಕಂಡರೆ ಓಡಿ ಬಂದು ಸೌಟಿನಿಂದ ತುಂಬುವಳು. "ಒಬ್ಬಂಗ ಹೆಚ್ಚು, ಒಬ್ಬಂಗ ಕಡಿಮಿ ಮಾಡಿದ್ರ ನನಗ ನಿದ್ದಿ ಹತ್ತೂದಿಲ್ಲ" ಎನ್ನುವಳು. ಅದು ಅವಳ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಮನಸ್ಸು ಎಲ್ಲೋ ಇದ್ದಾಗಲೂ ಕೈ ತಾನಾಗಿ ಮಟ್ಟ ಮಾಡುತ್ತಿತ್ತು.

ಅವಳ ತಂಗಿಯ ಮಗಳು ಮಹಾನಂದಾ. ಹಳ್ಳಿಯಲ್ಲಿ ದೊಡ್ಡ ಶಾಲೆ ಇಲ್ಲವೆಂದು ಅವಳನ್ನು ಇಲ್ಲಿಗೆ ತಂದುಬಿಟ್ಟಿದ್ದರು. ಎರಡು ಜಡೆ, ಕಣ್ಣು ಯಾವಾಗಲೂ ಮತ್ತೆಲ್ಲೋ. ಮಾತು ಬಹಳ ಕಡಿಮೆ. ಸಂಜೆ ನಮ್ಮನ್ನು ತೊಳೆಯುವುದು ಅವಳ ಪಾಲಿನ ಕೆಲಸ.

"ಏ ನಂದಾ, ಕೈ ಭಾಂಡೇದ ಮ್ಯಾಲ ಐತಿ, ಕಿವಿ ಯಾವ ಊರಿಗೆ ಹೋಗೇತಿ?" ಎಂದು ದಾನವ್ವ ಒಲೆಯ ಮುಂದಿನಿಂದ ಕೂಗುವಳು.

ಕಿವಿ ಬೇರೆ ಊರಿಗೇನೂ ಹೋಗಿರಲಿಲ್ಲ, ಒಲೆಯ ಹತ್ತಿರವೇ ಇತ್ತು. ದಾನವ್ವ ರೊಟ್ಟಿ ಬಡಿಯುವಾಗ ತನಗೆ ತಿಳಿಯದೆ ಒಂದು ಹಾಡು ಗುನುಗುತ್ತಿದ್ದಳು. ಮೊದಲು ಜೋಳ ಬೀಸುವಾಗ ಅವಳು ಹೇಳುತ್ತಿದ್ದ ಪದ ಅದು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವುದು ನಿಂತಿತು, ಹಾಡಿಗೂ ಕೆಲಸ ಇಲ್ಲದಂತಾಯಿತು. ಮಾತುಗಳು ಮರೆತುಹೋಗಿ ಧಾಟಿಯಷ್ಟೇ ಉಳಿದಿತ್ತು. ಅದೂ ಅವಳು ಮೈಮರೆತಾಗ ಮಾತ್ರ. "ದೊಡ್ಡವ್ವ, ಆ ಹಾಡು ಇನ್ನೊಮ್ಮೆ ಹಾಡು" ಎಂದು ನಂದಾ ಒಂದು ದಿನ ಕೇಳಿದಾಗ, "ಯಾವ ಹಾಡು? ನಾ ಯಾಕ ಹಾಡ್ಲಿ? ನನಗ ಹಾಡ ಎಲ್ಲಿ ಬರತಾವು?" ಎಂದು ನಾಚಿ ಬಾಯಿ ಮುಚ್ಚಿಕೊಂಡಳು. ಆಮೇಲೆ ನಂದಾ ಕೇಳಲಿಲ್ಲ. ಕದ್ದು ಕೇಳಿಸಿಕೊಳ್ಳತೊಡಗಿದಳು. ಇಂದು ಒಂದು ತುಣುಕು, ನಾಳೆ ಇನ್ನೊಂದು ತುಣುಕು.

ಒಂದು ಸಂಜೆ ನಮ್ಮನ್ನು ತೊಳೆದು ಸಾಲಾಗಿ ಇಟ್ಟಿದ್ದಳು. ಒಂದೊಂದರಲ್ಲೂ ತೊಳೆದ ನೀರು ಒಂದಿಷ್ಟು ನಿಂತಿತ್ತು. ಕೈ ಜಾರಿ ಚಮಚ ನನ್ನ ಅಂಚಿಗೆ ತಗುಲಿತು. ನಾನು ನುಡಿದೆ. ಪಕ್ಕದ ಬಟ್ಟಲಿಗೆ ತಟ್ಟಿದಳು, ಅದು ನನಗಿಂತ ದಪ್ಪ ದನಿಯಲ್ಲಿ ನುಡಿಯಿತು. ಅದರೊಳಗಿನ ನೀರನ್ನು ಸ್ವಲ್ಪ ಚೆಲ್ಲಿ ಮತ್ತೆ ತಟ್ಟಿದಳು. ದನಿ ಮೇಲೇರಿತು. ನಂದಾ ಬಚ್ಚಲ ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟಳು. ಅವಳ ಮುಖ ನನ್ನ ನೀರಿನಲ್ಲಿ ಅಲುಗಾಡುತ್ತಿತ್ತು. ಕನಸಿನಲ್ಲಿ ಕಂಡ ಊರು ಎಚ್ಚರವಾದ ಮೇಲೂ ಕಣ್ಣೆದುರು ನಿಂತಿದ್ದರೆ ಹೇಗಾಗಬೇಕೋ, ಹಾಗಿತ್ತು ಆ ಮುಖ.

ಶಾಲೆಯಲ್ಲಿ ಪ್ರತಿಭಾ ಪ್ರದರ್ಶನವೆಂದು ಗೊತ್ತಾದದ್ದು ಅದೇ ದಿನಗಳಲ್ಲಿ. ಅದನ್ನು ನಂದಾ ಮೊದಲು ಹೇಳಿದ್ದು ಫಕ್ಕೀರಪ್ಪನಿಗೆ.

"ಕಾಕಾ, ಎಲ್ಲಾರೂ ಡಾನ್ಸು, ಛದ್ಮವೇಷ ಅಂತ ಹೆಸರು ಕೊಟ್ಟಾರ. ನಾ ಬಟ್ಟಲಾ ಬಾರಸ್ತೀನಿ ಅಂದೆ. ಸಾಲಿ ಅಕ್ಕೋರು ನಗಲಿಲ್ಲ, ಹುಡುಗ್ಯಾರು ನಕ್ಕರು."

"ನಗ್ಲಿ ಬಿಡವಾ. ಏನು ಬಾರಸ್ತಿ?"

"ದೊಡ್ಡವ್ವನ ಹಾಡು. ಆಕಿಗೆ ಮಾತ್ರ ಹೇಳಬ್ಯಾಡ್ರಿ. ಆಕಿ ಅಲ್ಲಿ ಕುಂತು ಕೇಳಬೇಕು. ತನಗ ಹಾಡ ಬರೂದಿಲ್ಲ ಅಂತಾಳಲ್ಲ."

ಫಕ್ಕೀರಪ್ಪ ಆ ಹೊತ್ತಿಗೆ ಚೇಷ್ಟೆ ಮಾಡಲಿಲ್ಲ. ಮರುದಿನ ಎರಡು ಬಿದಿರಿನ ಕಡ್ಡಿಗಳನ್ನು ಸವರಿ ನಯಮಾಡಿ, ತುದಿಗೆ ನೂಲು ಸುತ್ತಿ ತಂದುಕೊಟ್ಟ.

ದಾನವ್ವ ಮಧ್ಯಾಹ್ನದ ಊಟ ಮುಗಿಸಿ ಕಾಯಿಪಲ್ಲೆಗೆಂದು ಪೇಟೆಗೆ ಹೋದಾಗ ಅಭ್ಯಾಸ ನಡೆಯುತ್ತಿತ್ತು. ಆ ಹಾಡಿಗೆ ಬೇಕಾದದ್ದು ಆರು ಸ್ವರ. ಆರು ಬಟ್ಟಲುಗಳನ್ನು ಆರಿಸಿಕೊಂಡಳು, ಅದರಲ್ಲಿ ನಾನೂ ಒಬ್ಬ. ಮೊದಲಿನದಕ್ಕೆ ಅಂಚಿನವರೆಗೆ ನೀರು, ಆಮೇಲೆ ಇಳಿಯುತ್ತ ಬಂದು, ಕೊನೆಯವನಾದ ನನಗೆ ಒಂದೇ ಗುಟುಕು. ಹಾಡಿನ ಪ್ರತಿ ಸಾಲಿನ ತುದಿಯಲ್ಲೂ ಒಂದು ಎತ್ತರದ ಸ್ವರವಿತ್ತು, ಬೀಸುಕಲ್ಲಿನ ಗೂಟ ಒಂದು ಸುತ್ತು ಮುಗಿಸಿ ಮತ್ತೆ ಎದೆಯ ಕಡೆಗೆ ಬರುವಾಗ ಉಸಿರು ಏರುತ್ತದಲ್ಲ, ಅಂಥದ್ದು. ಅದು ನನ್ನ ಪಾಲಿಗೆ ಬಂತು.

ನೀರಿನ ಮಟ್ಟಕ್ಕೆ ಸುಣ್ಣದ ಗೆರೆ ಹಾಕಿಕೋ ಎಂದು ಫಕ್ಕೀರಪ್ಪ ಹೇಳಿದ್ದ. ಒಂದು ಸಲ ತೊಳೆಯುವಷ್ಟರಲ್ಲಿ ಅದು ಹೋಗಿಬಿಟ್ಟಿತು. ಆಮೇಲೆ ನಂದಾ ಕಿವಿಯನ್ನೇ ನಂಬಿದಳು. ಚಮಚದಿಂದ ಹನಿಹನಿಯಾಗಿ ಹಾಕುವಳು, ತೆಗೆಯುವಳು, ಕಣ್ಣುಮುಚ್ಚಿ ಆಲಿಸುವಳು. ನನ್ನ ಸ್ವರ ಹತ್ತುವುದು ಎಲ್ಲಕ್ಕಿಂತ ಕಷ್ಟ. ಒಂದು ಹನಿ ಹೆಚ್ಚಾದರೆ ಮಂಕಾಗುತ್ತಿತ್ತು, ಕಡಿಮೆಯಾದರೆ ಕಿರುಚುತ್ತಿತ್ತು. ಸಿಕ್ಕಿದ ಕ್ಷಣದಲ್ಲಿ ಅವಳ ಭುಜ ತಾನಾಗಿ ಸಡಿಲಾಗುತ್ತಿತ್ತು. ಆ ಮಧ್ಯಾಹ್ನಗಳಲ್ಲಿ ಖಾನಾವಳಿಯ ಹಂಚಿನ ಸಂದಿಯಿಂದ ಬಿಸಿಲು ಬಂದು ನಮ್ಮ ನೀರಿನ ಮೇಲೆ ಬೀಳುತ್ತಿತ್ತು. ಕಡ್ಡಿ ತಾಗಿದಾಗಲೆಲ್ಲ ಮೇಲಿನ ತೊಲೆಯ ಮೇಲೆ ಬೆಳಕಿನ ಉಂಗುರಗಳು ನಡುಗುತ್ತಿದ್ದವು. ನನ್ನ ಇಡೀ ಬಾಳಿನಲ್ಲಿ ಅಷ್ಟು ಸುಖದ ಹೊತ್ತು ಮತ್ತೊಂದಿಲ್ಲ.

ದಾನವ್ವನನ್ನು ಶಾಲೆಗೆ ಬರುವಂತೆ ಒಪ್ಪಿಸುವುದು ಬೇರೆ ಕಷ್ಟ.

"ನಾ ಬಂದ್ರ ಸಂಜೀ ಅಡಿಗಿ ಯಾರ ಮಾಡಬೇಕು? ಬಟ್ಟಲಾ ಬೇಕಂದಿ, ಯಾತಕ್ಕಂತ ಕೇಳದ ಕೊಟ್ಟೀನಿ. ಒಡೀಬ್ಯಾಡ, ಅಷ್ಟ ಸಾಕು."

ನಂದಾಳ ಮೋರೆ ಇಳಿಯಿತು. ಫಕ್ಕೀರಪ್ಪ ರೊಟ್ಟಿ ಅಗಿಯುತ್ತಲೇ ಹೇಳಿದ: "ಹೋಗಿ ಬಾ ಅಕ್ಕಾ. ಒಂದು ಹೊತ್ತು ತಡ ಆದ್ರ ನಾವೇನು ಒಣಗಿ ಹೋಗೂದಿಲ್ಲ. ನನ್ನ ಹೊಟ್ಟಿ ನೋಡು, ವಾರಾನುಗಟ್ಟಲೆ ನಡೀತೈತಿ."

ಎಲ್ಲರೂ ನಕ್ಕರು. ದಾನವ್ವನೂ ನಕ್ಕು, "ಆತು, ಮಧ್ಯಾಹ್ನದ ಮಂದಿ ಉಂಡು ಎದ್ದ ಮ್ಯಾಲ ಬರತೀನಿ" ಎಂದಳು.

ಆ ದಿನ ನಮ್ಮನ್ನು ಬುಟ್ಟಿಯಲ್ಲಿ ಹಳೆಯ ಸೀರೆಯ ನಡುವೆ ಮಲಗಿಸಿ ಶಾಲೆಗೆ ಕೊಂಡೊಯ್ದರು. ಪರದೆಯ ಹಿಂದಿನ ಕೋಣೆಯಲ್ಲಿ ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ ನಂದಾ ನಮ್ಮನ್ನು ಸಾಲಾಗಿ ಇಟ್ಟಳು. ಎಷ್ಟೋ ಹೊತ್ತು ನೀರು ಹಾಕಿ, ತೆಗೆದು, ಆಲಿಸಿ, ಆರು ಸ್ವರಗಳನ್ನೂ ಕೂರಿಸಿದಳು. ಅಷ್ಟರಲ್ಲಿ ನಂದಾಳ ಟೀಚರು ಕಮಲಾಕ್ಷಿ ಅಕ್ಕೋರು ಪ್ರಾರ್ಥನೆಗೆ ಎಲ್ಲ ಹುಡುಗಿಯರನ್ನೂ ವೇದಿಕೆಗೆ ಕರೆದರು. ನಂದಾಳೂ ಓಡಿದಳು.

ಕೋಣೆಯಲ್ಲಿ ನಾವಷ್ಟೇ ಉಳಿದೆವು. ಬಾಗಿಲಿನಲ್ಲಿ ಒಗೆದ ಇಳಕಲ್ ಸೀರೆಯ ಸರಸರ ಕೇಳಿಸಿತು. ದಾನವ್ವ ಬಂದಿದ್ದಳು. ಇನ್ನೂ ಒಲೆಯ ಬಿಸಿ ಆರದ ಮುಖ, ಹಣೆಯ ಮೇಲೆ ಜೋಳದ ಹಿಟ್ಟಿನ ಒಂದು ಗೆರೆ. ನಂದಾಳನ್ನು ಹುಡುಕುತ್ತ ಬಂದವಳಿಗೆ ನಾವು ಕಂಡೆವು. ತನ್ನ ಬಟ್ಟಲುಗಳು, ಬಿಳಿ ಬಟ್ಟೆಯ ಮೇಲೆ, ಸಾಲಾಗಿ. ಒಂದರಲ್ಲಿ ತುಂಬ, ಒಂದರಲ್ಲಿ ಅರೆ, ಕೊನೆಯದರಲ್ಲಿ ಇದ್ದೂ ಇಲ್ಲದಷ್ಟು.

"ಅಯ್ಯ, ಈ ಹುಡುಗಿ ಹೆಂಗ ಹಾಕೇತಿ ನೋಡು" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಮೂಲೆಯಲ್ಲಿ ಕೊಡವಿತ್ತು, ತಂಬಿಗೆಯಿತ್ತು. ಅವಳ ಕೈ ತಾನಾಗಿ ಹೋಯಿತು.

ನನಗೆ ಕೂಗಬೇಕೆನಿಸಿತು. ಆದರೆ ಯಾರಾದರೂ ತಟ್ಟಿದರೆ ಮಾತ್ರ ಬಟ್ಟಲಿಗೆ ಬಾಯಿ. ದಾನವ್ವ ಒಂದೊಂದಕ್ಕೂ ನೀರು ಸುರಿಯುತ್ತ ಬಂದಳು. ನನ್ನ ಮುಂದೆ ನಿಂತು, "ಪಾಪ, ಇದಕ್ಕಂತೂ ಏನೂ ಸಿಕ್ಕಿಲ್ಲ" ಎಂದು ಎಲ್ಲರಿಗಿಂತ ಹೆಚ್ಚು ನನಗೇ ಸುರಿದಳು. ಸಾಲಿನ ಕೊನೆಯಿಂದ ತಿರುಗಿ ನೋಡಿದಳು. ಎಲ್ಲವೂ ಒಂದೇ ಮಟ್ಟ. ಸಮಾಧಾನದಿಂದ ಸೆರಗಿನಲ್ಲಿ ಕೈ ಒರೆಸಿಕೊಂಡು, ಹೋಗಿ ಸಭೆಯ ಹಿಂದಿನ ಸಾಲಿನಲ್ಲಿ ಕೂತಳು. ಅವಳ ಮೇಲೆ ಸಿಟ್ಟಾಗಲು ನನ್ನಿಂದಾಗಲಿಲ್ಲ. ಅಷ್ಟು ಪ್ರೀತಿಯಿಂದ ನನ್ನ ಹೊಟ್ಟೆಗೆ ಯಾರೂ ಯಾವತ್ತೂ ನೀರೆರೆದಿರಲಿಲ್ಲ.

ನಂದಾಳ ಹೆಸರು ಕರೆದರು. ಇಬ್ಬರು ಹುಡುಗಿಯರು ಬೆಂಚನ್ನು ಎತ್ತಿ ವೇದಿಕೆಗೆ ತಂದರು. ನಂದಾ ಸಭೆಗೆ ಕೈಮುಗಿದು, ಹಿಂದಿನ ಸಾಲಿನಲ್ಲಿ ದೊಡ್ಡವ್ವನನ್ನು ಕಂಡು ಕಣ್ಣರಳಿಸಿ, ಕಡ್ಡಿ ಎತ್ತಿ ಮೊದಲ ಬಟ್ಟಲಿಗೆ ತಟ್ಟಿದಳು. ಟಿಣ್. ಎರಡನೆಯದು, ಟಿಣ್. ಮೂರನೆಯದು, ಟಿಣ್. ಎಲ್ಲಕ್ಕೂ ಒಂದೇ ದನಿ.

"ಗಂಟಿ ಹೊಡದ್ರು, ಸಾಲಿ ಬಿಟ್ಟಿತು ನಡೀರಿ!" ಎಂದು ಹುಡುಗಿಯೊಬ್ಬಳು ಕೂಗಿದಳು. ಸಭೆಯೆಲ್ಲ ಗೊಳ್ಳೆಂದಿತು.

ನಂದಾ ನಮ್ಮೊಳಗೆ ಬಗ್ಗಿ ನೋಡಿದಳು. ನೀರು ಒಂದೇ ಗೆರೆಯಲ್ಲಿ ನಿಂತಿತ್ತು. ಇಡೀ ಊರಿನಲ್ಲಿ ಬಟ್ಟಲು ಹಾಗೆ ತುಂಬುವ ಕೈ ಒಂದೇ ಎಂದು ಅವಳಿಗೆ ಗೊತ್ತು. ತಲೆ ಎತ್ತಿದಳು. ದೂರದಲ್ಲಿ ದಾನವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು.

ಕಮಲಾಕ್ಷಿ ಅಕ್ಕೋರು ಹತ್ತಿರ ಬಂದರು. "ಆಗ ಒಳಗ ಚಂದ ನುಡೀತಿದ್ವಲ್ಲ. ಇದಕ್ಕ ನೀರು ಯಾರು ಹಾಕಿದ್ರು?"

ದಾನವ್ವ ಅರ್ಧ ಎದ್ದಿದ್ದಳು. ಅವಳ ಬಾಯಿಂದ ಮಾತು ಬರುವ ಮೊದಲೇ ನಂದಾ ಹೇಳಿಬಿಟ್ಟಳು: "ನಾನ ಹಾಕೀನ್ರಿ ಅಕ್ಕೋರ. ಗಡಬಿಡಿಯಾಗ ತಪ್ಪೇತಿ. ಸರಿ ಮಾಡ್ಕೋತೀನ್ರಿ."

ಅಕ್ಕೋರು ಒಂದು ಕ್ಷಣ ಅವಳನ್ನೇ ನೋಡಿದರು. "ಮಾಡ್ಕೋ. ಆದರ ನಿನ್ನ ಹೊತ್ತಿನ್ಯಾಗ ಮಾಡ್ಕೋಬೇಕು, ಹಿಂದ ಇನ್ನೂ ಮಕ್ಕಳು ಅದಾರ" ಎಂದು ಮೆಲ್ಲಗೆ ಹೇಳಿ, ಸಭೆಯ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.

ನಂದಾ ಚಮಚ ತೆಗೆದುಕೊಂಡಳು. ಹನಿಹನಿಯಾಗಿ ನೀರು ತೆಗೆಯುವುದು, ತಟ್ಟುವುದು, ಕಿವಿ ಬಗ್ಗಿಸುವುದು. ಮೊದಮೊದಲು ನಗೆ ಇತ್ತು, ಪಿಸುಮಾತಿತ್ತು. ಆಮೇಲೆ ಒಂದು ಸ್ವರ ಕೂತಿತು, ಅದರ ಪಕ್ಕ ಇನ್ನೊಂದು. ಯಾರೂ ಇಲ್ಲದ ಬಯಲಿನಲ್ಲಿ ಒಂದೊಂದೇ ದೀಪ ಹೊತ್ತಿಕೊಂಡ ಹಾಗೆ. ಸಭೆಯ ಸದ್ದು ತಾನಾಗಿ ಅಡಗಿತು. ಐದನೆಯ ಬಟ್ಟಲು ಸರಿಯಾಗುವಷ್ಟರಲ್ಲಿ ಅಕ್ಕೋರು ಗಡಿಯಾರ ನೋಡಿ, "ಮಹಾನಂದಾ, ಇನ್ನು ಶುರು ಮಾಡಬೇಕವಾ" ಎಂದರು.

ಉಳಿದವನು ನಾನು. ಅಂಚಿನವರೆಗೆ ತುಂಬಿಕೊಂಡು ಕೂತಿದ್ದೆ. ನಂದಾ ನನ್ನನ್ನು ನೋಡಿದಳು. ನನ್ನ ನೀರಿನಲ್ಲಿ ಅವಳ ಮುಖ ಈ ಸಲ ಅಲುಗಾಡಲಿಲ್ಲ. ಕಡ್ಡಿ ಎತ್ತಿಕೊಂಡು ಬಾರಿಸತೊಡಗಿದಳು.

ಹಾಡು ಹೊರಟಿತು. ಸಾಲಿನ ತುದಿ ಬಂತು. ನನ್ನ ಸ್ವರ ಬರಬೇಕಾದಲ್ಲಿ ಅವಳ ಕೈ ನನ್ನ ಮೇಲಕ್ಕೆ ಬಂದು, ತಾಗದೆ, ಗಾಳಿಯಲ್ಲಿ ನಿಂತಿತು. ಅಲ್ಲಿ ಏನೂ ಇರಲಿಲ್ಲ, ಮೌನವಷ್ಟೇ. ಮತ್ತೆ ಮುಂದಿನ ಸಾಲು, ಮತ್ತೆ ಅದೇ ಜಾಗ, ಮತ್ತೆ ಮೌನ. ಮೆಟ್ಟಿಲು ಹತ್ತುವವರು ಕೊನೆಯ ಮೆಟ್ಟಿಲು ಇಲ್ಲದೆ ಕಾಲೆತ್ತಿ ನಿಂತ ಹಾಗೆ ಸಭೆಯೆಲ್ಲ ಉಸಿರು ಹಿಡಿದಿತ್ತು.

ಮೂರನೆಯ ಸಾಲಿನ ತುದಿಯಲ್ಲಿ ಅದು ಕೇಳಿಸಿತು. ಹಿಂದಿನಿಂದ, ತೀರಾ ಸಣ್ಣದಾಗಿ, ಒಂದು ಹೆಣ್ಣು ದನಿ. ನನ್ನ ಸ್ವರ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹುಡುಗಿಯರು ತಿರುಗಿ ನೋಡಿದರು. ದಾನವ್ವ ಕಣ್ಣುಮುಚ್ಚಿದ್ದಳು. ಯಾರು ನೋಡುತ್ತಿದ್ದಾರೆಂಬುದು ಅವಳಿಗೆ ತಿಳಿದಿರಲಿಲ್ಲ. ಎಷ್ಟೋ ವರ್ಷಗಳ ಹಿಂದಿನ ಯಾವುದೋ ನಸುಕಿನಲ್ಲಿ, ಬೀಸುಕಲ್ಲಿನ ಮುಂದೆ ಕೂತಿದ್ದಳೋ ಏನೋ. ಮುಂದಿನ ಸಾಲಿನಲ್ಲಿ ನಂದಾ ಕೈ ಎತ್ತಿ ಕಾದಳು. ದನಿ ಬಂತು. ಆಮೇಲೆ ಪ್ರತಿ ಸಲವೂ ಬಂತು. ಐದು ಬಟ್ಟಲು ವೇದಿಕೆಯ ಮೇಲೆ, ಆರನೆಯದು ಹಿಂದಿನ ಸಾಲಿನಲ್ಲಿ. ಹಾಡು ಮುಗಿದಾಗ ಚಪ್ಪಾಳೆ ತಟ್ಟಬೇಕೆಂಬುದೂ ಕೆಲವು ಕ್ಷಣ ಯಾರಿಗೂ ನೆನಪಾಗಲಿಲ್ಲ.

ಬಹುಮಾನ ನವಿಲಿನ ಡಾನ್ಸಿಗೆ ಹೋಯಿತು. ಅದೂ ಚೆನ್ನಾಗಿಯೇ ಇತ್ತಂತೆ.

ಆಮೇಲಿನ ನನ್ನ ಕಥೆ ಚಿಕ್ಕದು. ಖಾನಾವಳಿಗೆ ಸ್ಟೀಲಿನ ಬಟ್ಟಲುಗಳು ಬಂದವು. ನನ್ನ ಒಡಹುಟ್ಟಿದವರು ಒಬ್ಬೊಬ್ಬರಾಗಿ ಒಡೆದುಹೋದರು. ನಂದಾ ಮಾಸ್ತರಿಕೆ ಸಿಕ್ಕಿ ರೋಣಕ್ಕೆ ಹೋಗುವಾಗ ನನ್ನೊಬ್ಬನನ್ನು ಸೀರೆಗಳ ನಡುವೆ ಸುತ್ತಿಕೊಂಡು ಹೋದಳು. ಅವಳ ಮಗಳು ನನ್ನಲ್ಲಿ ಬಣ್ಣದ ಕುಂಚ ತೊಳೆದಳು. ಒಂದು ದಿನ ಕಿಟಕಿಯಿಂದ ಬಿದ್ದು ನನಗೆ ಕೂದಲಿನಂಥ ಬಿರುಕು ಬಿತ್ತು. ಈಗ ತಟ್ಟಿದರೆ ಟಕ್ ಎನ್ನುತ್ತೇನೆ. ಗುಂಡಿ, ಪಿನ್ನು, ಒಂದು ತುಂಡು ಅರಿಸಿನ ತುಂಬಿಕೊಂಡು ಕಿಟಕಿಯ ಮೂಲೆಯಲ್ಲಿ ಕೂತಿದ್ದೇನೆ. ಮಧ್ಯಾಹ್ನದ ಬಿಸಿಲು ಬರುತ್ತದೆ, ಹೋಗುತ್ತದೆ. ಅರೆನಿದ್ದೆಯಲ್ಲಿ ದಿನಗಳು ಕಳೆಯುತ್ತವೆ.

ಈ ಬಿಡುವಿನಲ್ಲಿ ನಾನು ಒಂದನ್ನೇ ಮತ್ತೆ ಮತ್ತೆ ಯೋಚಿಸುತ್ತೇನೆ. ನುಡಿಯಲೆಂದೇ ಹುಟ್ಟಿದವನು ನಾನು. ಅಂಥ ದಿನವೇ ನುಡಿಯದೆ ಕೂತೆನಲ್ಲ ಎಂದು ಮೊದಲು ಬಹಳ ನೊಂದಿದ್ದೆ. ಈಗ ನೋವಿಲ್ಲ. ನಾನು ಅಂದು ನುಡಿದಿದ್ದರೆ ಸಭೆ ಒಂದು ಬಟ್ಟಲಿನ ದನಿಯನ್ನು ಕೇಳುತ್ತಿತ್ತು, ಅಷ್ಟೇ.

ಆ ಸಂಜೆ ಮನೆಗೆ ಬಂದ ಮೇಲೆ ಆದದ್ದನ್ನು ನಾನಿನ್ನೂ ಹೇಳಿಲ್ಲ. ದಾರಿಯುದ್ದಕ್ಕೂ ಬುಟ್ಟಿಯೊಳಗಿನಿಂದ ನನಗೆ ಅವರ ಹೆಜ್ಜೆಯ ಸದ್ದಷ್ಟೇ ಕೇಳುತ್ತಿತ್ತು. ದಾನವ್ವ ಬಂದವಳೇ ಒಲೆ ಹೊತ್ತಿಸಿ ಉಣ್ಣುವವರಿಗೆಲ್ಲ ಬಡಿಸಿದಳು. ಫಕ್ಕೀರಪ್ಪ ಅವಳ ಮುಖ ನೋಡಿ ಏನೂ ಕೇಳದೆ ಉಂಡು ಎದ್ದ. ಕೊನೆಯವರು ಹೋದ ಮೇಲೆ ಅವಳು ಗೋಡೆಗೊರಗಿ ಕಾಲು ಚಾಚಿ ಕೂತಳು.

"ದೊಡ್ಡವ್ವ, ಉಣ್ಣು."

"ನನಗ ಹಸಿವಿಲ್ಲ. ನೀ ಉಣ್ಣು."

ಆಮೇಲೆ ದಾನವ್ವ ಕೇಳಿದಳು: "ಅಷ್ಟ ಮಂದ್ಯಾಗ ನಾನ ಹಾಕೀನಿ ಅಂತ ಅಂದ್ಯಲ್ಲ. ನಕ್ಕರು ನಿನ್ನ ನೋಡಿ. ನನ್ನ ಹೆಸರು ಹೇಳೂದಿತ್ತಿಲ್ಲೋ?"

"ನೀ ಬಂದಿದ್ಯಲ್ಲ, ನನಗ ಅಷ್ಟ ಸಾಕಿತ್ತು" ಎಂದಳು ನಂದಾ.

ದಾನವ್ವ ಮುಖ ಆಚೆ ತಿರುಗಿಸಿಕೊಂಡಳು. ನಂದಾ ಒಲೆಯ ಮುಂದೆ ಕೂತು, ಉಳಿದ ಹಿಟ್ಟನ್ನು ನಾದಿ, ರೊಟ್ಟಿ ಬಡಿದಳು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಂಚು ಸೀಳಿತ್ತು. ಕೆಂಡದ ಬೆಳಕಿನಲ್ಲಿ ಬೇಯಿಸಿ ತಾಟಿಗೆ ಹಾಕಿದಳು. ಬದನೆಕಾಯಿ ಪಲ್ಲೆ, ಶೇಂಗಾ ಚಟ್ನಿ ಬಡಿಸಿದಳು. ಆಮೇಲೆ ಬುಟ್ಟಿಯಿಂದ ನನ್ನನ್ನು ತೆಗೆದು, ತೊಳೆದು, ಮೊಸರು ಹಾಕಿ ತಾಟಿನ ಮಗ್ಗುಲಿಗಿಟ್ಟಳು.

ತಾಟನ್ನು ದೊಡ್ಡವ್ವನ ಮುಂದೆ ಹಿಡಿದಳು. ದಾನವ್ವ ಕಣ್ಣೊರೆಸಿಕೊಂಡು ಎರಡೂ ಕೈ ಚಾಚಿ ಇಸಿದುಕೊಂಡಳು.